‘ಹಾರ್ಡ್’ ಎಂದರೆ ಗಟ್ಟಿ ಮಾತ್ರವೇ?



ವಿಜ್ಞಾನದ ತರಗತಿ ನಡೆಯುತ್ತಿದೆ ಎಂದುಕೊಳ್ಳಿ. ಶಿಕ್ಷಕರು ಕಪ್ಪು ಹಲಗೆಯ ಮೇಲೆ ‘ಹಾರ್ಡ್ ವಾಟರ್’ ಎಂದು ಬರೆದು, “ಹೀಗೆಂದರೇನು?” ಎಂದು ಕೇಳುತ್ತಾರೆ. ಹಾರ್ಡ್ ಎಂದರೆ ಗಟ್ಟಿ, ವಾಟರ್ ಎಂದರೆ ನೀರು. ಇಷ್ಟು ಗೊತ್ತಿದ್ದ ಹುಡುಗಿಯೊಬ್ಬಳು ತಟ್ಟನೆ ಎದ್ದು, “ಮಂಜುಗಡ್ಡೆ ಸರ್!” ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ.

ನೀವು ನಗಬೇಡಿ. ತನಗೆ ಗೊತ್ತಿದ್ದ ಎರಡು ಪದಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳಲು ಅವಳು ಪ್ರಯತ್ನಿಸಿದಳು. ಅದು ಒಳ್ಳೆಯ ಅಭ್ಯಾಸ. ಆದರೆ ಹಾರ್ಡ್ ಎಂಬ ಪದಕ್ಕೆ ಒಂದೇ ಅರ್ಥವಿಲ್ಲ. ಪಕ್ಕದಲ್ಲಿ ಯಾವ ಪದ ಬಂದು ಕೂರುತ್ತದೋ ಅದಕ್ಕೆ ತಕ್ಕಂತೆ ಅರ್ಥ ಬದಲಾಗುತ್ತದೆ. ವಿಜ್ಞಾನದಲ್ಲಂತೂ ಇದನ್ನು ತಿಳಿಯದಿದ್ದರೆ ಉತ್ತರ ಮಾತ್ರವಲ್ಲ, ಕೆಲವೊಮ್ಮೆ ನಾವು ಮಾಡುವ ಕೆಲಸವೂ ತಪ್ಪಾಗುತ್ತದೆ. ಹೇಗೆ ಎಂದು ನೋಡೋಣ ಬನ್ನಿ.

ಮೊದಲು ನಮ್ಮ ‘ಗಟ್ಟಿ’

ಇಂಗ್ಲಿಷನ್ನು ದೂರುವ ಮೊದಲು ನಮ್ಮ ಮಾತನ್ನೇ ಗಮನಿಸಿ. ‘ಗಟ್ಟಿ ಕಲ್ಲು’ ಎನ್ನುತ್ತೇವೆ. ‘ಗಟ್ಟಿ ಮೊಸರು’ ಎಂದೂ ಎನ್ನುತ್ತೇವೆ. ಮೊಸರು ಕಲ್ಲಿನಷ್ಟು ಗಟ್ಟಿಯೇ? ಅಲ್ಲ, ನೀರು ನೀರಾಗಿಲ್ಲ ಎಂದಷ್ಟೇ ಅರ್ಥ. ‘ಗಟ್ಟಿಯಾಗಿ ಓದು’ ಎಂದರೆ ದೊಡ್ಡ ದನಿಯಲ್ಲಿ ಓದು ಎಂದು. ‘ಗಟ್ಟಿ ಮನಸ್ಸು’ ಎಂದರೆ ಅಳುಕದ ಮನಸ್ಸು. ‘ಗಟ್ಟಿ ಚಿನ್ನ’ ಎಂದರೆ ಬೆರಕೆ ಇಲ್ಲದ ಚಿನ್ನ. ತಮಾಷೆ ಏನು ಗೊತ್ತೇ? ಬೆರಕೆ ಇಲ್ಲದ ಚಿನ್ನ ಬಹಳ ಮೆದು. ಒಡವೆ ಬೇಗ ಬಾಗದಿರಲಿ, ಸವೆಯದಿರಲಿ ಎಂದು ಅಕ್ಕಸಾಲಿಗರು ಅದಕ್ಕೆ ತಾಮ್ರ ಸೇರಿಸುತ್ತಾರೆ. ಅಂದರೆ ‘ಗಟ್ಟಿ ಚಿನ್ನ’ವೇ ಮುಟ್ಟಿದರೆ ಮೆದು!

ಇಷ್ಟೆಲ್ಲ ಅರ್ಥಗಳಿದ್ದರೂ ಮನೆಯಲ್ಲಿ ಮಾತನಾಡುವಾಗ ನಮಗೆ ಗೊಂದಲವಾಗುವುದಿಲ್ಲ. ಪಕ್ಕದ ಪದ ನೋಡಿ ತಿಳಿದುಕೊಳ್ಳುತ್ತೇವೆ. ಹಾರ್ಡ್ ಪದಕ್ಕೂ ಅದೇ ಉಪಾಯ ಸಾಕು. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಪಕ್ಕದಲ್ಲಿರುವ ಪದ ಯಾವುದು?
2. ಇಲ್ಲಿ ಇದರ ವಿರುದ್ಧ ಪದ ಯಾವುದು?
3. ಹಾರ್ಡ್ ಹೌದೋ ಅಲ್ಲವೋ ಎಂದು ತಿಳಿಯಲು ಯಾವ ಪರೀಕ್ಷೆ ಮಾಡಬೇಕು?

ಮೂರನೆಯ ಪ್ರಶ್ನೆಯೇ ವಿಜ್ಞಾನದ ಪ್ರಶ್ನೆ.

ಕಲ್ಲಿನ ಗಡಸುತನ: ಗೀರಿ ನೋಡು

ಖನಿಜವನ್ನು ಹಾರ್ಡ್ ಎಂದರೆ ಅದರ ವಿರುದ್ಧ ಪದ ಸಾಫ್ಟ್, ಅಂದರೆ ಮೆದು. ಪರೀಕ್ಷೆ ಯಾವುದು? 1812ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ ಒಂದು ಸುಲಭ ದಾರಿ ತೋರಿಸಿದರು. ಎರಡು ವಸ್ತುಗಳನ್ನು ಒಂದಕ್ಕೊಂದು ಗೀರಬೇಕು. ಯಾವುದರ ಮೇಲೆ ಗೀರು ಬೀಳುತ್ತದೋ ಅದು ಮೆದು. ಯಾವುದು ಗೀರುತ್ತದೋ ಅದು ಗಡಸು. ಹೀಗೆ ಹತ್ತು ಖನಿಜಗಳನ್ನು ಅವರು ಸಾಲಾಗಿ ಜೋಡಿಸಿದರು. 1ನೆಯ ಸ್ಥಾನದಲ್ಲಿ ಟಾಲ್ಕ್, 3ರಲ್ಲಿ ಕ್ಯಾಲ್ಸೈಟ್, 7ರಲ್ಲಿ ಬೆಣಚುಕಲ್ಲು, 10ರಲ್ಲಿ ವಜ್ರ. ನಮ್ಮ ಉಗುರಿನ ಸ್ಥಾನ ಸುಮಾರು 2.5. ಕಿಟಕಿಯ ಗಾಜಿನದು ಸುಮಾರು 5.5.

ಬಳಪದ ಕಲ್ಲಿನಲ್ಲಿ ಹೆಚ್ಚಾಗಿರುವುದು ಈ ಟಾಲ್ಕ್. ಅದಕ್ಕೇ ಅದು ಉಗುರಿಗೂ ಗೀರು ಬೀಳುವಷ್ಟು ಮೆದು. ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳಲ್ಲಿ ಹೊಯ್ಸಳರ ಕಾಲದ ಶಿಲ್ಪಿಗಳು ಅಷ್ಟು ನವಿರಾದ ಕೆತ್ತನೆ ಮಾಡಲು ಸಾಧ್ಯವಾದದ್ದು ಕಲ್ಲು ಬಳಪದ ಜಾತಿಯದಾದ್ದರಿಂದ.

ಇಲ್ಲಿ ಒಂದು ಎಚ್ಚರಿಕೆ. ಗಡಸು ಎಂದರೆ ಒಡೆಯದು ಎಂದಲ್ಲ. ಗಾಜು ಬಳಪವನ್ನು ಗೀರುತ್ತದೆ, ಆದರೆ ಕೈಜಾರಿ ಬಿದ್ದರೆ ಚೂರಾಗುತ್ತದೆ. ವಜ್ರ ಎಲ್ಲ ಖನಿಜಗಳನ್ನೂ ಗೀರುತ್ತದೆ, ಆದರೂ ಸುತ್ತಿಗೆಯ ಪೆಟ್ಟಿಗೆ ಒಡೆದುಹೋಗಬಲ್ಲದು. ಚಪ್ಪಲಿಯ ರಬ್ಬರ್ ಅಟ್ಟೆಗೆ ಸುಲಭವಾಗಿ ಗೀರು ಬೀಳುತ್ತದೆ, ಆದರೆ ಎಷ್ಟು ಹೊಡೆದರೂ ಒಡೆಯುವುದಿಲ್ಲ. ಗೀರುವುದು ಒಂದು ಪರೀಕ್ಷೆ, ಒಡೆಯುವುದು ಬೇರೆ ಪರೀಕ್ಷೆ.

ಗಡಸು ನೀರು: ಸಾಬೂನನ್ನು ಕೇಳು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಹಾರ್ಡ್ ವಾಟರ್ ಎಂದರೆ ಕನ್ನಡದಲ್ಲಿ ಗಡಸು ನೀರು. ಇದರ ವಿರುದ್ಧ ಪದ ಮೆದು ನೀರು. ಮುಟ್ಟಿ ನೋಡಿದರೆ ಎರಡೂ ಒಂದೇ. ಇಲ್ಲಿ ಗೀರುವ ಪರೀಕ್ಷೆ ನಡೆಯದು. ಸಾಬೂನಿನ ಪರೀಕ್ಷೆ ಬೇಕು.

ಮಳೆಯ ನೀರು ನೆಲದೊಳಗೆ ಇಳಿಯುವಾಗ ಕಲ್ಲು ಮಣ್ಣಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇವು ಹೆಚ್ಚಾಗಿರುವ ನೀರೇ ಗಡಸು ನೀರು. ಇವು ಸಾಬೂನಿನ ಜೊತೆ ಸೇರಿ ಕರಗದ ಬಿಳಿ ಕಿಟ್ಟವಾಗುತ್ತವೆ. ಸಾಬೂನೆಲ್ಲ ಕಿಟ್ಟಕ್ಕೇ ಖರ್ಚಾದರೆ ನೊರೆ ಎಲ್ಲಿಂದ ಬರಬೇಕು? ಬಯಲುಸೀಮೆಯ ಅನೇಕ ಊರುಗಳಲ್ಲಿ, “ಈ ಬೋರಿನ ನೀರಿಗೆ ಸಾಬೂನು ನೊರೆ ಬರಲ್ಲ, ಬೇಳೆ ಬೇಯಲ್ಲ” ಎಂದು ಅಮ್ಮ ಅಜ್ಜಿ ಹೇಳುವುದನ್ನು ನೀವು ಕೇಳಿರಬಹುದು. ಅವರು ಹೇಳುತ್ತಿರುವುದು ಗಡಸು ನೀರಿನ ಲಕ್ಷಣವನ್ನೇ. ಇಂಥ ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದೆ.

ಮಾಡಿ ನೋಡಿ

ಮುಚ್ಚಳವಿರುವ ಒಂದೇ ಅಳತೆಯ ಎರಡು ಬಾಟಲಿ ತನ್ನಿ. ಒಂದರಲ್ಲಿ ಅರ್ಧದಷ್ಟು ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಕೊಳವೆಬಾವಿಯ ನೀರು ತುಂಬಿ. ಬಟ್ಟೆ ಸಾಬೂನನ್ನು ತುರಿದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ. ತೊಳೆಯುವ ಪುಡಿ, ಅಂದರೆ ಡಿಟರ್ಜೆಂಟ್ ಬೇಡ. ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಮುಚ್ಚಳ ಹಾಕಿ ಎರಡನ್ನೂ 20 ಸಲ ಕುಲುಕಿ. ಎರಡರ ನೊರೆಯ ಎತ್ತರವನ್ನೂ ಅಡಿಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ನೀರು ಯಾವುದರಲ್ಲಿ ಕದಡಿದೆ ಎಂದೂ ನೋಡಿ.

ಇದನ್ನು ಮರೆಯಬೇಡಿ

ನೊರೆ ಚೆನ್ನಾಗಿ ಬಂತು, ಆದ್ದರಿಂದ ಈ ನೀರು ಕುಡಿಯಲು ಒಳ್ಳೆಯದು ಎಂದು ತೀರ್ಮಾನಿಸಬಹುದೇ? ಖಂಡಿತ ಕೂಡದು. ಸಾಬೂನಿನ ಪರೀಕ್ಷೆ ಹೇಳುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಬಗ್ಗೆ ಮಾತ್ರ. ರೋಗ ತರುವ ಸೂಕ್ಷ್ಮಜೀವಿಗಳ ಬಗ್ಗೆ ಅದು ಏನನ್ನೂ ಹೇಳದು. ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವ ಹೆಚ್ಚಿನ ಫ್ಲೋರೈಡ್ ಬಗ್ಗೆಯೂ ಹೇಳದು. ಮೆದು ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು.

ಅದಕ್ಕೇ ನೀರಿನ ಪ್ರಯೋಗಾಲಯದಲ್ಲಿ ಇವನ್ನೆಲ್ಲ ಬೇರೆ ಬೇರೆಯಾಗಿ ಅಳೆಯುತ್ತಾರೆ. ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಗಡಸುತನ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದ ಕಡೆ 600ರವರೆಗೆ ಒಪ್ಪಬಹುದು. ಫ್ಲೋರೈಡ್‌ಗೆ ಮಿತಿ 1 ಮಿಲಿಗ್ರಾಂ. ಬೇರೆ ನೀರು ಸಿಗದ ಕಡೆಯೂ 1.5 ಮಿಲಿಗ್ರಾಂ ಮೀರುವಂತಿಲ್ಲ. ‘ಮೆದು’ ಎಂಬ ಪದ ಕೇಳಿ ‘ಒಳ್ಳೆಯದು’ ಎಂದುಕೊಂಡರೆ ಆರೋಗ್ಯಕ್ಕೇ ಅಪಾಯ. ಪದದ ಅರ್ಥ ತಪ್ಪಿದರೆ ಮಾಡುವ ಕೆಲಸವೂ ತಪ್ಪಾಗುತ್ತದೆ ಎಂದು ಹೇಳಿದ್ದು ಇದಕ್ಕೇ.

ಮೆದುವಾದ ಹಾರ್ಡ್‌ವುಡ್!

ವುಡ್ ಎಂದರೆ ಮರ. ಹಾಗಾದರೆ ಹಾರ್ಡ್‌ವುಡ್ ಎಂದರೆ ಗಟ್ಟಿ ಮರ ಇರಬೇಕಲ್ಲವೇ? ಸಸ್ಯವಿಜ್ಞಾನ ಹಾಗೆ ಹೇಳುವುದಿಲ್ಲ. ಹೂ ಬಿಟ್ಟು, ಬೀಜವನ್ನು ಕಾಯಿಯೊಳಗೆ ಇಟ್ಟುಕೊಳ್ಳುವ ತೇಗ, ಬೀಟೆ, ಹಲಸಿನಂಥ ಮರಗಳು ಹಾರ್ಡ್‌ವುಡ್. ಪೈನ್, ದೇವದಾರು ಮುಂತಾದ ಸೂಜಿಯೆಲೆಯ ಮರಗಳು ಸಾಫ್ಟ್‌ವುಡ್. ಇಲ್ಲಿ ಪರೀಕ್ಷೆ ಮರ ಯಾವ ಗುಂಪಿಗೆ ಸೇರಿದ್ದು ಎಂಬುದು.

ಆದ್ದರಿಂದ ವಿಚಿತ್ರಗಳು ನಡೆಯುತ್ತವೆ. ಅಮೆರಿಕ ಖಂಡದ ಉಷ್ಣವಲಯದಲ್ಲಿ ಬೆಳೆಯುವ ಬಾಲ್ಸಾ ಮರ ತುಂಬ ಹಗುರ, ಉಗುರಿನಿಂದ ಒತ್ತಿದರೂ ತಗ್ಗು ಬೀಳುತ್ತದೆ. ಅದರಿಂದ ಆಟದ ವಿಮಾನ ಮಾಡುತ್ತಾರೆ. ಆದರೂ ಅದು ಹಾರ್ಡ್‌ವುಡ್! ನಮ್ಮ ಬೂರುಗದ ಮರವೂ ಹಾಗೆಯೇ. ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೆ ಹಾಲೆ ಮರ ಬಳಸುವುದು ಅದು ಕಡೆಯಲು ಮೆದು ಎಂದೇ. ಸಸ್ಯವಿಜ್ಞಾನಿಯ ಪಟ್ಟಿಯಲ್ಲಿ ಅದೂ ಹಾರ್ಡ್‌ವುಡ್.

ಚಂದ್ರನ ಮೇಲೆ ಹಾರ್ಡ್, ಸಾಫ್ಟ್

ಲ್ಯಾಂಡಿಂಗ್ ಎಂದರೆ ನೆಲಕ್ಕೆ ಇಳಿಯುವುದು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವಾಗ ವೇಗವನ್ನು ಬೇಕಾದಷ್ಟು ತಗ್ಗಿಸಿಕೊಳ್ಳಲಾಗದೆ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಇದು ಹಾರ್ಡ್ ಲ್ಯಾಂಡಿಂಗ್. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ನಿಧಾನವಾಗಿ, ಉಪಕರಣಗಳಿಗೆ ಧಕ್ಕೆಯಾಗದಂತೆ ಇಳಿಯಿತು. ಇದು ಸಾಫ್ಟ್ ಲ್ಯಾಂಡಿಂಗ್. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಚಪ್ಪಾಳೆ ತಟ್ಟಿದ್ದನ್ನು ದೇಶವೇ ನೋಡಿತು.

ಎರಡೂ ಇಳಿದದ್ದು ಪುಡಿಮಣ್ಣು ಹೊದ್ದ ಚಂದ್ರನ ನೆಲಕ್ಕೇ. ಇಲ್ಲಿ ಹಾರ್ಡ್ ಎಂದದ್ದು ನೆಲವನ್ನಲ್ಲ, ಬಿದ್ದ ಪೆಟ್ಟನ್ನು. ಅಳೆಯಬೇಕಾದದ್ದು ನೆಲ ಮುಟ್ಟುವಾಗಿನ ವೇಗವನ್ನು.

ಬಾಯಿಯೊಳಗೂ ಇದೆ

ನಾಲಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು ಮೆಲ್ಲಗೆ ಹಿಂದಕ್ಕೆ ಸರಿಸಿ. ಅಂಗುಳದ ಮುಂಭಾಗ ಗಟ್ಟಿ, ಏಕೆಂದರೆ ಅಲ್ಲಿ ಮೂಳೆ ಇದೆ. ಅದು ಹಾರ್ಡ್ ಪ್ಯಾಲೆಟ್. ಹಿಂಭಾಗ ಮೆತ್ತಗಿದೆ. ಅದು ಸಾಫ್ಟ್ ಪ್ಯಾಲೆಟ್. ತೀರ ಹಿಂದಕ್ಕೆ ಒತ್ತಬೇಡಿ, ಓಕರಿಕೆ ಬಂದೀತು.

ಇಂಗ್ಲಿಷಿನ ‘ಸಿ’ ಅಕ್ಷರ ‘ಕ್ಯಾಟ್’ ಪದದಲ್ಲಿ ಕ ಎನ್ನುತ್ತದೆ, ‘ಸಿಟಿ’ ಪದದಲ್ಲಿ ಸ ಎನ್ನುತ್ತದೆ. ಮೊದಲನೆಯದನ್ನು ಹಾರ್ಡ್ ಸಿ, ಎರಡನೆಯದನ್ನು ಸಾಫ್ಟ್ ಸಿ ಎನ್ನುತ್ತಾರೆ. ಈಗ ‘ಕ’ ಎಂದು ಹೇಳಿ. ನಾಲಗೆಯ ಹಿಂಭಾಗ ಎಲ್ಲಿ ತಾಗಿತು? ಮೆತ್ತನೆಯ ಅಂಗುಳಕ್ಕೆ! ಹಾರ್ಡ್ ಸಿ ಹುಟ್ಟುವುದು ಸಾಫ್ಟ್ ಪ್ಯಾಲೆಟ್‌ನಲ್ಲಿ. ಒಂದು ಹೆಸರು ಕಿವಿಗೆ ಕೇಳಿಸಿದ್ದನ್ನು ನೋಡಿ ಇಟ್ಟದ್ದು. ಇನ್ನೊಂದು ಮುಟ್ಟಿ ನೋಡಿ ಇಟ್ಟದ್ದು.

ಅಂಗಡಿಯಿಂದ ಕಂಪ್ಯೂಟರಿಗೆ

ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಚಿಲಕ, ಕೀಲು, ಬೀಗ ಸಿಗುತ್ತವೆ. ಕಂಪ್ಯೂಟರ್ ಹುಟ್ಟುವ ನೂರಾರು ವರ್ಷ ಮೊದಲೇ ಲೋಹದ ಸಾಮಾನಿಗೆ ಹಾರ್ಡ್‌ವೇರ್ ಎಂಬ ಹೆಸರಿತ್ತು. ಕಂಪ್ಯೂಟರ್ ಬಂದಾಗ ಅದರ ಕೈಗೆ ಸಿಗುವ ಭಾಗಗಳಿಗೂ ಅದೇ ಹೆಸರು ಬಂತು. ಕೈಗೆ ಸಿಗದ ಸೂಚನೆಗಳಿಗೆ 1950ರ ದಶಕದಲ್ಲಿ ಸಾಫ್ಟ್‌ವೇರ್ ಎಂಬ ಹೊಸ ಪದ ಬಳಕೆಗೆ ಬಂತು. ಇಲ್ಲಿ ಪರೀಕ್ಷೆ ಒಂದೇ: ಮುಟ್ಟಲು ಆಗುತ್ತದೆಯೇ?

ಹಾರ್ಡ್ ಮತ್ತು ಹಾರ್ಡ್ಲಿ

ಹಾರ್ಡ್ ಪದಕ್ಕೆ ‘ಕಷ್ಟ’ ಎಂಬ ಅರ್ಥವೂ ಇದೆ. ಹಾರ್ಡ್ ಕ್ವೆಶ್ಚನ್ ಎಂದರೆ ಕಷ್ಟದ ಪ್ರಶ್ನೆ. ಇದರ ವಿರುದ್ಧ ಪದ ಸಾಫ್ಟ್ ಅಲ್ಲ, ಈಸಿ. ವಿರುದ್ಧ ಪದ ಬದಲಾಯಿತು ಎಂದರೆ ಅರ್ಥವೂ ಬದಲಾಗಿದೆ ಎಂದು ತಿಳಿಯಿರಿ.

‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಕಷ್ಟಪಟ್ಟು ದುಡಿಯುತ್ತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ಅವನು ಕೆಲಸ ಮಾಡುವುದೇ ಅಪರೂಪ! ಪರೀಕ್ಷೆಯಲ್ಲಿ ‘ಐ ಸ್ಟಡೀಡ್ ಹಾರ್ಡ್ಲಿ’ ಎಂದು ಬರೆದೀರಿ, ಜೋಕೆ.

“ಇಂಗ್ಲಿಷ್ ಬಹಳ ಹಾರ್ಡ್” ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಅಲ್ಲೂ ನಮ್ಮ ಮೂರು ಪ್ರಶ್ನೆ ಕೇಳಿ. ವಿರುದ್ಧ ಪದ ಈಸಿ. ಪರೀಕ್ಷೆ ಏನು? ಕಳೆದ ವರ್ಷ ಓದಲು ಆಗದಿದ್ದ ಪಾಠವನ್ನು ಈಗ ತೆಗೆದು ಓದಿ ನೋಡಿ. ಬೆಣಚುಕಲ್ಲಿನ ಗಡಸುತನ ವರ್ಷ ಕಳೆದರೂ ಇಳಿಯದು. ಪಾಠದ ಕಷ್ಟ ಓದಿದಷ್ಟೂ ಇಳಿಯುತ್ತದೆ.

ಮತ್ತೆ, ಮಂಜುಗಡ್ಡೆ ಎಂದ ಆ ಹುಡುಗಿಗೆ ಏನು ಹೇಳುತ್ತೀರಿ? “ನಿನ್ನ ಹಾರ್ಡ್ ಬೇರೆ, ಇಲ್ಲಿಯ ಹಾರ್ಡ್ ಬೇರೆ. ಬಾ, ಸಾಬೂನು ಹಾಕಿ ನೋಡೋಣ” ಎನ್ನಿ.

ಅಭ್ಯಾಸ

1. ಬಳಪ, ಇಟ್ಟಿಗೆ ಚೂರು, ಕರಿಕಲ್ಲಿನ ಚೂರು ಇವನ್ನು ಮೊದಲು ಉಗುರಿನಿಂದ, ಬಳಿಕ ಶಿಕ್ಷಕರ ಎದುರಿನಲ್ಲಿ ಕಬ್ಬಿಣದ ಮೊಳೆಯಿಂದ ಗೀರಿ. ಮೆದುವಿನಿಂದ ಗಡಸಿನವರೆಗೆ ಸಾಲಾಗಿ ಜೋಡಿಸಿ.
2. ನಿಮ್ಮ ಊರಿನ ಬಾವಿ, ಕೆರೆ, ಕೊಳವೆಬಾವಿ ಮತ್ತು ನಲ್ಲಿಯ ನೀರಿಗೆ ಸಾಬೂನಿನ ಪರೀಕ್ಷೆ ಮಾಡಿ. ನೊರೆಯ ಎತ್ತರವನ್ನು ಪಟ್ಟಿ ಮಾಡಿ.
3. ‘ಲೈಟ್’ ಎಂಬ ಇಂಗ್ಲಿಷ್ ಪದಕ್ಕೆ ವಿರುದ್ಧ ಪದ ಒಂದೇ ಇದೆಯೇ? ಲೈಟ್ ಕಲರ್, ಲೈಟ್ ಬ್ಯಾಗ್ ಎರಡನ್ನೂ ಹೋಲಿಸಿ ಬರೆಯಿರಿ.
4. ಕನ್ನಡದ ‘ಬಿಳಿ’, ‘ಹಸಿ’, ‘ಕಹಿ’ ಪದಗಳಲ್ಲಿ ಯಾವುದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ? ಮನೆಯ ಹಿರಿಯರನ್ನು ಕೇಳಿ ಉದಾಹರಣೆ ಸಂಗ್ರಹಿಸಿ.