ಹಳದಿ ಚಿಟ್ಟೆಯ ಪಯಣ: ನೋಡಿ ಕಲಿಯಬೇಕಾದ ಪಾಠ

ಸೃಷ್ಟಿಯನ್ನು ನೋಡಿ ಚಿಂತಿಸಿರೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಒಂಟೆಯನ್ನು, ಆಕಾಶವನ್ನು, ಪರ್ವತಗಳನ್ನು, ಭೂಮಿಯನ್ನು ಇವರು ನೋಡುವುದಿಲ್ಲವೇ ಎಂದು ಅಲ್ ಗಾಶಿಯಃ ಅಧ್ಯಾಯವು ಕೇಳುತ್ತದೆ. ಜೇನ್ನೊಣ, ಇರುವೆ, ಜೇಡ ಇವುಗಳ ಹೆಸರಿನಲ್ಲಿ ಒಂದೊಂದು ಅಧ್ಯಾಯವೇ ಇದೆ. ಇಷ್ಟಾದರೂ ನಮ್ಮ ಅಂಗಳದ ಗಿಡದ ಮೇಲೆ ನಡೆಯುವುದನ್ನು ನಾವು ಎಷ್ಟು ಮಂದಿ ನಿಂತು ನೋಡಿದ್ದೇವೆ? ಹೆಚ್ಚಿನ ಸಲ ನಾವು ನೋಡುವ ಮೊದಲೇ ತೀರ್ಮಾನ ಮಾಡಿರುತ್ತೇವೆ. ಚಿಟ್ಟೆ ಸುಂದರ, ಹುಳು ಅಸಹ್ಯ ಎಂಬುದು ಅಂತಹ ಒಂದು ತೀರ್ಮಾನ. ಅದು ಎಷ್ಟು ಸರಿ ಎಂಬುದನ್ನು ಒಂದು ಹಳದಿ ಚಿಟ್ಟೆಯ ಬದುಕಿನಿಂದ ಅರಿಯೋಣ.

ನಮ್ಮ ಕರಾವಳಿ, ಮಲೆನಾಡು, ಬಯಲುಸೀಮೆ ಎಲ್ಲೆಡೆಯೂ ಕಾಣಸಿಗುವ ಈ ಚಿಟ್ಟೆಗೆ ಇಂಗ್ಲಿಷಿನಲ್ಲಿ 'ಕಾಮನ್ ಎಮಿಗ್ರೆಂಟ್' ಎಂದು ಹೆಸರು. ಸಾಮಾನ್ಯ ವಲಸೆಗಾರ ಎಂದರ್ಥ. ಶಾಸ್ತ್ರೀಯ ನಾಮ ಕೆಟೊಪ್ಸಿಲಿಯಾ ಪೊಮೋನಾ. ರೆಕ್ಕೆ ಬಿಡಿಸಿದರೆ ಸುಮಾರು 5.5ರಿಂದ 8 ಸೆಂಟಿಮೀಟರ್ ಅಗಲ. ಹುಲ್ಲಿನ ಮೇಲೆ ತಗ್ಗಿನಲ್ಲಿ ಮೆಲ್ಲನೆ ಹಾರಾಡುವ ಪುಟ್ಟ ಹಳದಿ ಚಿಟ್ಟೆ ಬೇರೆ, ಇದು ಬೇರೆ. ಇದರ ಹಾರಾಟ ವೇಗವಾದುದು. ಕುಳಿತಾಗ ರೆಕ್ಕೆಗಳನ್ನು ಬೆನ್ನಮೇಲೆ ಮಡಚಿಕೊಳ್ಳುತ್ತದೆ. ಗಂಡಿನ ರೆಕ್ಕೆ ಸುಣ್ಣದಂತೆ ಬಿಳಿಯಾಗಿದ್ದು, ಬುಡದಲ್ಲಿ ಗಂಧಕದ ಹಳದಿ ಬಣ್ಣವಿರುತ್ತದೆ. ಹೆಣ್ಣು ಕೆಲವೊಮ್ಮೆ ಗಾಢ ಹಳದಿ, ಕೆಲವೊಮ್ಮೆ ಬಿಳಿಚು. ಈ ವ್ಯತ್ಯಾಸ ಎಷ್ಟಿದೆಯೆಂದರೆ, 18ನೇ ಶತಮಾನದ ವಿದ್ವಾಂಸರು ಇದರ ಎರಡು ರೂಪಗಳನ್ನು ಎರಡು ಬೇರೆ ಜಾತಿಗಳೆಂದು ತಿಳಿದು ಪ್ರತ್ಯೇಕ ಹೆಸರುಗಳನ್ನಿಟ್ಟರು. ಹುಳುಗಳನ್ನು ಸಾಕಿ ಬೆಳೆಸಿ ನೋಡಿದ ಬಳಿಕವೇ ಎರಡೂ ಒಂದೇ ಜಾತಿಯೆಂದು ಖಚಿತವಾಯಿತು. ಮೇಲ್ನೋಟದ ಬಣ್ಣವನ್ನು ನಂಬಿದಾಗ ತಪ್ಪಿದರು, ಸಹನೆಯಿಂದ ನೋಡಿದಾಗ ಸತ್ಯ ತಿಳಿಯಿತು.

ಎಲೆಯ ಮೇಲಿನ ಅನ್ನಾಧಾರ

ಬೇಸಿಗೆಯಲ್ಲಿ ಹಳದಿ ಹೂಗೊಂಚಲುಗಳನ್ನು ಇಳಿಬಿಡುವ ಕಕ್ಕೆ ಮರವನ್ನು ನೀವು ಬಲ್ಲಿರಿ. ರಸ್ತೆಬದಿಯಲ್ಲಿ ನೆರಳಿಗಾಗಿ ನೆಟ್ಟ ಸೀಮೆ ತಂಗಡಿಯನ್ನೂ ಬಲ್ಲಿರಿ. ತಾಯಿ ಚಿಟ್ಟೆಯು ಇಂತಹ ಮರಗಳನ್ನು ಹುಡುಕುತ್ತದೆ. ಎಲೆಯ ಮೇಲೆ ಕುಳಿತು ಕಾಲಿನಿಂದಲೇ ಅದರ ರುಚಿ ನೋಡುತ್ತದೆ. ಅದರ ಕಾಲುಗಳಲ್ಲಿ ರುಚಿಯನ್ನು ಅರಿಯುವ ಸೂಕ್ಷ್ಮ ಅಂಗಗಳಿವೆ. ಸರಿಯಾದ ಗಿಡವೆಂದು ತಿಳಿದರೆ ಎಳೆಯ ಚಿಗುರಿನ ಮೇಲೆ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಬಿಳಿಯ ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಹೋಗುತ್ತದೆ. ಒಂದು ಮೊಟ್ಟೆ ಇಲ್ಲಿ, ಇನ್ನೊಂದು ಅಲ್ಲಿ.

ಆಲೋಚಿಸಿ ನೋಡಿ. ಆ ತಾಯಿ ಈಗ ಹೂವಿನ ಮಕರಂದ ಕುಡಿಯುವ ಜೀವಿ. ಎಲೆ ಅದರ ಆಹಾರವಲ್ಲ. ತನ್ನ ಮರಿಯನ್ನು ಅದು ಸಾಕುವುದಿಲ್ಲ, ಯಾವ ಮರದ ಎಲೆ ಹಿತವೆಂದು ಕಲಿಸಲು ಮರಿಯ ಬಳಿ ಉಳಿಯುವುದೂ ಇಲ್ಲ. ಆದರೂ ಮರಿ ಕಣ್ಣು ತೆರೆಯುವಾಗ ಅದರ ಅನ್ನ ಅದರ ಬಾಯಿಯ ಮುಂದೆಯೇ ಇರುತ್ತದೆ. ಪ್ರತಿಯೊಂದು ವಸ್ತುವಿಗೂ ಅದರ ರೂಪವನ್ನು ಕೊಟ್ಟು ಬಳಿಕ ದಾರಿ ತೋರಿದವನೇ ನಮ್ಮ ಪ್ರಭು ಎಂದು ಪ್ರವಾದಿ ಮೂಸಾ(ಅ) ಫಿರ್‌ಔನನಿಗೆ ಉತ್ತರಿಸಿದ ಪ್ರಸಂಗ ತಾಹಾ ಅಧ್ಯಾಯದಲ್ಲಿದೆ (20:50). ಭೂಮಿಯ ಮೇಲೆ ಚಲಿಸುವ ಯಾವ ಜೀವಿಯ ಅನ್ನಾಧಾರವೂ ಅಲ್ಲಾಹನ ಹೊಣೆಯಿಂದ ಹೊರತಲ್ಲವೆಂದು ಹೂದ್ ಅಧ್ಯಾಯವು ತಿಳಿಸುತ್ತದೆ (11:6). ಈ ಸೂಕ್ತಗಳನ್ನು ನಾವು ನಾಲಿಗೆಯಿಂದ ಓದುತ್ತೇವೆ. ಅವುಗಳ ಅರ್ಥವನ್ನು ಕಕ್ಕೆಯ ಚಿಗುರಿನಲ್ಲಿ ಕಣ್ಣಾರೆ ಕಾಣಬಹುದು.

ಸುಮಾರು 3 ದಿನಗಳಲ್ಲಿ ಮೊಟ್ಟೆಯೊಡೆದು ಹುಳು ಹೊರಬರುತ್ತದೆ. ಇದು ಮೈತುಂಬಾ ಕೂದಲಿರುವ, ಮುಟ್ಟಿದರೆ ತುರಿಸುವ ಕಂಬಳಿಹುಳುವಲ್ಲ. ಎಲೆಯ ಬಣ್ಣದ ಹಸಿರು ಮೈ, ಎರಡು ಪಕ್ಕಗಳಲ್ಲಿ ಬಿಳಿಚು ಗೆರೆ, ಅದರ ಮೇಲೆ ಕಪ್ಪು ಚುಕ್ಕೆಗಳ ಸಾಲು. ಅದಕ್ಕೆ ತಿನ್ನುವುದೇ ಕೆಲಸ. ದೇಹ ಬೆಳೆದಂತೆ ಚರ್ಮ ಬಿಗಿಯಾಗುತ್ತದೆ. ಆಗ ಅದನ್ನು ಕಳಚುತ್ತದೆ. ಹೀಗೆ 4 ಸಲ ಕಳಚಿ, ಸುಮಾರು ಎರಡು ವಾರಗಳೊಳಗೆ 4-5 ಸೆಂಟಿಮೀಟರ್ ಉದ್ದವಾಗುತ್ತದೆ. ನಂತರ ತಿನ್ನುವುದನ್ನು ನಿಲ್ಲಿಸಿ, ಎಲೆಯ ಅಡಿಯಲ್ಲೋ ಕಡ್ಡಿಯಲ್ಲೋ ರೇಷ್ಮೆಯ ಎಳೆಯಿಂದ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಕೊನೆಯ ಬಾರಿ ಚರ್ಮ ಕಳಚಿ ಹಸಿರು ಕೋಶವಾಗುತ್ತದೆ.

ಈ ಕೋಶವನ್ನು ಕೆಲವರು ಹುಳುವಿನ ಸಾವು ಎಂದೂ, ಚಿಟ್ಟೆ ಹೊರಬರುವುದನ್ನು ಪುನರುತ್ಥಾನವೆಂದೂ ವರ್ಣಿಸುವುದುಂಟು. ಕೇಳಲು ಚೆನ್ನಾಗಿದೆ, ಆದರೆ ವಾಸ್ತವ ಹಾಗಿಲ್ಲ. ಕೋಶದೊಳಗಿನ ಜೀವ ಸತ್ತಿಲ್ಲ. ಅದು ಉಸಿರಾಡುತ್ತದೆ, ಮುಟ್ಟಿದರೆ ಅಲುಗಾಡುವುದೂ ಉಂಟು. ಹುಳುವಿನ ಬಹುಪಾಲು ಅಂಗಗಳು ಒಳಗೆ ಕರಗಿ, ಹುಳುವಿನ ದೇಹದಲ್ಲಿ ಮೊದಲೇ ಇದ್ದ ಪುಟ್ಟ ಜೀವಕೋಶ ಗುಂಪುಗಳಿಂದ ರೆಕ್ಕೆ, ಕಾಲು, ಕಣ್ಣುಗಳು ಬೆಳೆಯುತ್ತವೆ. ಎಲೆ ಕತ್ತರಿಸುವ ದವಡೆಯಿದ್ದಲ್ಲಿ ಮಕರಂದ ಹೀರುವ ಸುರುಳಿ ನಾಳ ಬರುತ್ತದೆ. ಸತ್ತವರನ್ನು ಎಬ್ಬಿಸುವುದಕ್ಕೆ ಮಳೆಯಿಂದ ಚಿಗುರುವ ಬರಡು ನೆಲದ ಉದಾಹರಣೆಯನ್ನು ಕುರ್‌ಆನ್ ಕೊಟ್ಟಿದೆ. ಅದು ನಮಗೆ ಸಾಕು. ಅಲ್ಲಾಹನ ಕೆಲಸವನ್ನು ಇದ್ದಂತೆ ಹೇಳಿದರೆ ಅದೇ ಅಚ್ಚರಿ. ಅದಕ್ಕೆ ನಮ್ಮ ಬಣ್ಣ ಬೇಕಿಲ್ಲ.

ಸುಮಾರು ಒಂದು ವಾರದ ನಂತರ ಕೋಶ ಸೀಳಿ ಚಿಟ್ಟೆ ಹೊರಬರುತ್ತದೆ. ರೆಕ್ಕೆ ಆಗ ಮುದುಡಿರುತ್ತದೆ. ಅದು ನಿಧಾನವಾಗಿ ಬಿಡಿಸಿಕೊಂಡು ಗಟ್ಟಿಯಾದ ಮೇಲಷ್ಟೇ ಹಾರಾಟ. ಮೊಟ್ಟೆಯಿಂದ ಚಿಟ್ಟೆಯವರೆಗೆ ಒಟ್ಟು ಮೂರು-ನಾಲ್ಕು ವಾರಗಳು.

ಎಲ್ಲಿಂದ ಎಲ್ಲಿಗೆ?

ಒಮ್ಮೊಮ್ಮೆ ಈ ಚಿಟ್ಟೆಗಳು ಸಾವಿರಗಟ್ಟಲೆ ಒಂದೇ ದಿಕ್ಕಿಗೆ ಹಾರುತ್ತವೆ. ಮರವೋ ಮನೆಯೋ ಅಡ್ಡಬಂದರೆ ಸುತ್ತಿ ಹೋಗುವ ಬದಲು ಮೇಲೇರಿ ದಾಟಿ, ಮತ್ತೆ ಅದೇ ದಿಕ್ಕು ಹಿಡಿಯುತ್ತವೆ. ಶ್ರೀಲಂಕಾದಲ್ಲಿ ಈ ನೋಟ ಹಿಂದಿನಿಂದಲೂ ಪ್ರಸಿದ್ಧ. ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್ 1861ರ ತನ್ನ ಗ್ರಂಥದಲ್ಲಿ, ಬಿಳಿ ಮತ್ತು ತಿಳಿಹಳದಿ ಚಿಟ್ಟೆಗಳ ಪ್ರವಾಹವು ಗಂಟೆಗಟ್ಟಲೆ, ದಿನಗಟ್ಟಲೆ ಸಾಗುವುದನ್ನು ವಿವರಿಸಿದ್ದಾನೆ. ಆ ನಾಡಿನಲ್ಲಿ 2,243 ಮೀಟರ್ ಎತ್ತರದ ಒಂದು ಶಿಖರವಿದೆ. ಸಿಂಹಳ ಭಾಷೆಯಲ್ಲಿ ಅದರ ಒಂದು ಹೆಸರು 'ಸಮನಲ ಕಂದ'. ಚಿಟ್ಟೆಯನ್ನು ಆ ಭಾಷೆಯಲ್ಲಿ 'ಸಮನಲಯಾ' ಎನ್ನುತ್ತಾರೆ. ಚಿಟ್ಟೆಗಳು ಆ ಬೆಟ್ಟಕ್ಕೆ ಯಾತ್ರೆ ಹೋಗಿ ಅಲ್ಲೇ ಪ್ರಾಣ ಬಿಡುತ್ತವೆಂಬುದು ಜನರ ನಂಬಿಕೆ.

ಅದೇ ಬೆಟ್ಟವನ್ನು ಮುಸ್ಲಿಮರು ಆದಮ್ ಮಲೆ ಎಂದು ಕರೆದರು. ಅಲ್ಲಿನ ಬಂಡೆಯ ಗುರುತನ್ನು ಆದಮ್(ಅ)ರ ಹೆಜ್ಜೆಯೆಂದು ಹೇಳುತ್ತಾ ಬಂದರು. ಪ್ರವಾಸಿ ಇಬ್ನ್ ಬತೂತ 1344ರಲ್ಲಿ ಆ ಬೆಟ್ಟವನ್ನು ಏರಿದ್ದ. ಬೌದ್ಧರಿಗೆ ಅದು ಬುದ್ಧನ ಪಾದ, ಹಿಂದೂಗಳಿಗೆ ಶಿವನ ಪಾದ. ಆದರೆ ಆದಮ್(ಅ) ಭೂಮಿಯಲ್ಲಿ ಇಳಿದ ಸ್ಥಳ ಇಂತಹುದೆಂದು ಕುರ್‌ಆನ್ ಎಲ್ಲಿಯೂ ಹೆಸರಿಸಿಲ್ಲ. ಹಾಗಿರುವಾಗ ಚಿಟ್ಟೆಗಳ ಹಾರಾಟವನ್ನು ಅದಕ್ಕೆ ಜೋಡಿಸಿ 'ನೋಡಿ, ಪುರಾವೆ' ಎನ್ನುವುದು ವಿಶ್ವಾಸಿಗೆ ಸಲ್ಲದು. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿರಿ, ಕಿವಿ, ಕಣ್ಣು, ಹೃದಯಗಳ ಕುರಿತು ಪ್ರಶ್ನಿಸಲಾಗುವುದು ಎಂಬ ತಾಕೀತು ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ (17:36).

ಹಾಗಾದರೆ ಅವು ಹೋಗುವುದೇಕೆ? ಮಳೆಯ ಬಳಿಕ ಚಿಗುರು ಹೆಚ್ಚಿದಾಗ ಹುಳುಗಳೂ ಹೆಚ್ಚುತ್ತವೆ. ಒಂದು ಪ್ರದೇಶದ ಮರಗಳ ಎಳೆ ಎಲೆ ಮುಗಿಯುತ್ತಾ ಬಂದಾಗ, ಹುಟ್ಟಿದ ಚಿಟ್ಟೆಗಳು ಬೇರೆ ಚಿಗುರಿರುವ ಕಡೆಗೆ ಹೊರಡುತ್ತವೆ. ಅದು ಸಾಯಲು ಹೋಗುವ ಯಾತ್ರೆಯಲ್ಲ, ಮುಂದಿನ ತಲೆಮಾರಿನ ಅನ್ನವನ್ನು ಹುಡುಕುವ ಪಯಣ. ದಿಕ್ಕನ್ನು ಅರಿಯುವ ಬಗೆಯೂ ಸ್ವಲ್ಪ ಮಟ್ಟಿಗೆ ತಿಳಿದಿದೆ. ಈ ಚಿಟ್ಟೆಯ ಬಂಧುಗಳಾದ ಪನಾಮಾ ದೇಶದ ಹಳದಿ ಚಿಟ್ಟೆಗಳನ್ನು ಹಿಡಿದು, ಬೆಳಕು-ಕತ್ತಲೆಯ ಹೊತ್ತನ್ನು ಬದಲಿಸಿದ ಕೋಣೆಯಲ್ಲಿರಿಸಿ ಬಿಟ್ಟಾಗ ಅವು ಹಿಡಿದ ದಿಕ್ಕೂ ಬದಲಾಯಿತು. 1998ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ, ಅವು ಸೂರ್ಯನನ್ನೂ ತಮ್ಮೊಳಗಿನ ಸಮಯದ ಅರಿವನ್ನೂ ಹೊಂದಿಸಿ ದಾರಿ ಹಿಡಿಯುತ್ತವೆಂದು ತಿಳಿಯಿತು. ಸಾಸಿವೆಯಷ್ಟೂ ಇಲ್ಲದ ಮಿದುಳಿಗೆ ಈ ಲೆಕ್ಕವನ್ನು ಕೊಟ್ಟವನು ಯಾರು?

ನಮ್ಮ ಹೊಣೆ

ಇನ್ನು ನಮ್ಮ ಮನೆಗಳ ಕಡೆಗೆ ಬರೋಣ. ಕಕ್ಕೆ ಮರದ ಎಲೆಯಲ್ಲಿ ಹುಳು ಕಂಡೊಡನೆ ವಿಷದ ಡಬ್ಬಿ ತರುವವರಿದ್ದಾರೆ. ಮರವನ್ನೇ ಕಡಿಸುವವರಿದ್ದಾರೆ. ನಂತರ ಅದೇ ಮನೆಯ ಗೋಡೆಯಲ್ಲಿ ಚಿಟ್ಟೆಯ ಚಿತ್ರ ತೂಗುತ್ತದೆ! ಹುಳುವನ್ನು ಕೊಂದವರಿಗೆ ಚಿಟ್ಟೆ ಎಲ್ಲಿಂದ ಬರಬೇಕು? ಈ ಹುಳು ನಿಮ್ಮ ಬದನೆ, ತೆಂಗು, ಭತ್ತಗಳ ತಂಟೆಗೆ ಬರುವುದಿಲ್ಲ. ಎಲೆ ಕಳೆದುಕೊಂಡ ಕಕ್ಕೆ ಮತ್ತೆ ಚಿಗುರುತ್ತದೆ. ಹುಳುಗಳಲ್ಲಿ ಅನೇಕವು ಹಕ್ಕಿಮರಿಗಳ ಹೊಟ್ಟೆ ಸೇರುತ್ತವೆ. ಬೆಳೆಯನ್ನು ಹಾಳುಗೆಡಹುವ ಕೀಟದಿಂದ ರೈತನು ತನ್ನ ಹೊಲವನ್ನು ಕಾಪಾಡಿಕೊಳ್ಳುವುದು ಬೇರೆ ವಿಷಯ. ಹಾನಿಯಿಲ್ಲದ ಜೀವಿಯನ್ನು ಕೇವಲ ಅಸಹ್ಯದಿಂದ ಕೊಲ್ಲುವುದು ಬೇರೆ.

ಒಂದು ಇರುವೆ ಕಚ್ಚಿತೆಂದು ಇರುವೆಗೂಡನ್ನೇ ಸುಡಿಸಿದ ಓರ್ವ ಪೂರ್ವಕಾಲದ ಪ್ರವಾದಿಯನ್ನು ಅಲ್ಲಾಹನು ಆಕ್ಷೇಪಿಸಿದ ವಿಚಾರ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಸಂಗಾತಿಗಳು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ಚಡಪಡಿಸುವುದನ್ನು ಕಂಡ ಪ್ರವಾದಿ ಮುಹಮ್ಮದ್(ಸ), ಮರಿಗಳನ್ನು ಅದಕ್ಕೆ ಹಿಂದಿರುಗಿಸಲು ಆಜ್ಞಾಪಿಸಿದ್ದನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹುಳು ತಿಂದ ಎಲೆಯನ್ನು ನಷ್ಟದ ಲೆಕ್ಕಕ್ಕೆ ಬರೆಯುವ ಮುನ್ನ ಈ ಮಾತನ್ನು ನೆನೆಯಬೇಡವೇ?

ಆದ್ದರಿಂದ ಓದುಗ ಸಹೋದರ ಸಹೋದರಿಯರೇ, ಈ ಸಲ ಮಳೆಯ ಬಳಿಕ ಮಕ್ಕಳನ್ನು ಕಕ್ಕೆ ಮರದ ಬಳಿಗೆ ಕರೆದೊಯ್ಯಿರಿ. ಚಿಗುರಿನಲ್ಲಿ ಬಿಳಿ ಮೊಟ್ಟೆ ಹುಡುಕಲು ಹೇಳಿರಿ. ಕಿತ್ತು ತರುವುದು ಬೇಡ, ಅಲ್ಲೇ ದಿನವೂ ನೋಡಲಿ. ಕಂಡ ದಿನಾಂಕ, ಹುಳುವಿನ ಉದ್ದ, ಕೋಶವಾದ ದಿನ, ಚಿಟ್ಟೆ ಹಾರಿದ ದಿನಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆಯಲಿ. ಚಿಟ್ಟೆಗಳು ಗುಂಪಾಗಿ ಹೋಗುವುದು ಕಂಡರೆ ಯಾವ ದಿಕ್ಕಿಗೆ, ಯಾವ ಹೊತ್ತಿನಲ್ಲಿ ಎಂದು ಗುರುತಿಸಲಿ. ಕಂಡದ್ದನ್ನಷ್ಟೇ ಬರೆಯಬೇಕು, ಕಾಣದ್ದನ್ನು ಸೇರಿಸಬಾರದು ಎಂದು ಕಲಿಸಿರಿ. ಸತ್ಯಸಂಧತೆಯ ಪಾಠ ಅಲ್ಲಿಂದಲೇ ಆರಂಭವಾಗಲಿ. ಚಿಟ್ಟೆಗೆ ದಾರ ಕಟ್ಟಿ ಆಡುವ ಮಗುವಿಗೆ ಬೈಯುವ ಬದಲು, ಅದು ಹುಳುವಾಗಿದ್ದಾಗಿನಿಂದ ನಡೆದುಬಂದ ದಾರಿಯನ್ನು ತೋರಿಸಿರಿ. ಆ ದಾರಿಯನ್ನು ಬಲ್ಲ ಕೈ ತಾನಾಗಿ ಸಡಿಲಾಗುತ್ತದೆ.

ಭೂಮಿಯ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಅಲ್ಲಾಹನು ತಿಳಿಸಿದ್ದಾನೆ (6:38). ಆ ಸಮುದಾಯಗಳ ನಡುವೆ ದಯೆಯಿಂದ ಬಾಳುವ, ಅವನ ದೃಷ್ಟಾಂತಗಳನ್ನು ಇದ್ದಂತೆ ಕಾಣುವ ಕಣ್ಣನ್ನು ಅವನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.