ಪಿತ್ತರಸದ ಕಾರ್ಯ

ಎಣ್ಣೆಸ್ನಾನದ ದಿನ ಮೈಗೆ ಹಚ್ಚಿದ ಎಣ್ಣೆಯು ಬರಿಯ ನೀರಿನಿಂದ ಹೋಗುವುದಿಲ್ಲ. ಸೀಗೆಪುಡಿಯನ್ನು ಹಚ್ಚಿ ತಿಕ್ಕಿದರೆ ಹೋಗುತ್ತದೆ. ಎಣ್ಣೆಯು ನೀರಿನಲ್ಲಿ ಬೆರೆಯಲಾರದು. ಸೀಗೆಯಲ್ಲಿರುವ ನೊರೆ ಬರಿಸುವ ವಸ್ತುವು ಅದನ್ನು ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹರಿಯುವಂತೆ ಮಾಡುತ್ತದೆ. ಮನುಷ್ಯನ ಸಣ್ಣ ಕರುಳಿನಲ್ಲಿಯೂ ಇಂತಹುದೇ ಕಾರ್ಯವೊಂದು ನಡೆಯುತ್ತದೆ. ಅದನ್ನು ನಡೆಸುವ ದ್ರವವೇ ಪಿತ್ತರಸ.

ಹಳದಿಯೂ ಹಸಿರೂ ಬೆರೆತ ಬಣ್ಣದ, ಕಹಿಯಾದ ಈ ರಸವು ಪಿತ್ತಜನಕಾಂಗದಲ್ಲಿ ಉತ್ಪತ್ತಿಯಾಗುತ್ತದೆ. ಊಟವಿಲ್ಲದ ವೇಳೆಯಲ್ಲಿ ಅದು ಪಿತ್ತಕೋಶದಲ್ಲಿ ಸಂಗ್ರಹವಾಗಿ, ನೀರಿನ ಅಂಶವನ್ನು ಕಳೆದುಕೊಂಡು ಗಟ್ಟಿಯಾಗುತ್ತದೆ. ತುಪ್ಪ, ಎಣ್ಣೆ ಮೊದಲಾದ ಕೊಬ್ಬಿನ ಪದಾರ್ಥಗಳು ಸಣ್ಣ ಕರುಳನ್ನು ಪ್ರವೇಶಿಸಿದೊಡನೆ ಕರುಳಿನ ಗೋಡೆಯಿಂದ ಒಂದು ಹಾರ್ಮೋನು ರಕ್ತವನ್ನು ಸೇರುತ್ತದೆ. ಅದರ ಪ್ರಭಾವದಿಂದ ಪಿತ್ತಕೋಶವು ಸಂಕುಚಿತಗೊಂಡು ರಸವನ್ನು ಪಿತ್ತನಾಳದ ಮೂಲಕ ಕರುಳಿಗೆ ಸುರಿಯುತ್ತದೆ.

ಪಿತ್ತರಸದಲ್ಲಿ ಕೊಬ್ಬನ್ನು ಜೀರ್ಣಿಸುವ ಕಿಣ್ವವಿಲ್ಲ. ಆ ಕಿಣ್ವವಾದ ಲೈಪೇಸ್ ಮೇದೋಜೀರಕ ಗ್ರಂಥಿಯಿಂದ ಬರುತ್ತದೆ. ಆದರೆ ಲೈಪೇಸ್ ಕೆಲಸ ಮಾಡುವುದು ಕೊಬ್ಬಿನ ಹನಿಯ ಮೇಲ್ಮೈಯಲ್ಲಿ ಮಾತ್ರ. ಪಿತ್ತಲವಣಗಳು ದೊಡ್ಡ ಹನಿಗಳನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆದು, ಅವು ಮತ್ತೆ ಒಂದುಗೂಡದಂತೆ ತಡೆಯುತ್ತವೆ. ಇದರಿಂದ ಮೇಲ್ಮೈ ಬಹುಪಾಲು ಹೆಚ್ಚಿ, ಜೀರ್ಣಕ್ರಿಯೆ ಶೀಘ್ರವಾಗಿ ನಡೆಯುತ್ತದೆ. ಜೀರ್ಣಗೊಂಡ ಅಂಶಗಳನ್ನು ಕರುಳಿನ ಗೋಡೆಗೆ ಮುಟ್ಟಿಸುವುದೂ ಪಿತ್ತಲವಣಗಳೇ.

ಈ ಎರಡು ರಸಗಳ ಸಹಕಾರವನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು. ಹೀರಲ್ಪಟ್ಟ ಕೊಬ್ಬು ಕರುಳಿನ ದುಗ್ಧನಾಳಗಳನ್ನು ಸೇರಿದಾಗ ಅವು ಹಾಲಿನಂತೆ ಬೆಳ್ಳಗೆ ಕಾಣುತ್ತವೆ. ಮೊಲದಲ್ಲಿ ಪಿತ್ತನಾಳವು ಕರುಳನ್ನು ಮೊದಲು ಸೇರಿದರೆ, ಮೇದೋಜೀರಕ ನಾಳವು ಬಹಳ ಕೆಳಗೆ ಸೇರುತ್ತದೆ. 1840ರ ದಶಕದಲ್ಲಿ ಕ್ಲೋಡ್ ಬರ್ನಾರನು ಮೊಲಕ್ಕೆ ಕೊಬ್ಬನ್ನು ತಿನ್ನಿಸಿ ಪರೀಕ್ಷಿಸಿದಾಗ, ಮೇದೋಜೀರಕ ನಾಳ ಸೇರುವಲ್ಲಿಂದ ಮುಂದೆ ಮಾತ್ರ ದುಗ್ಧನಾಳಗಳು ಬೆಳ್ಳಗಾಗಿದ್ದವು. ಹಾಗಾದರೆ ಪಿತ್ತರಸವು ನಿರುಪಯುಕ್ತವೇ? ಈ ಪ್ರಶ್ನೆಗೆ ಅವನ ಶಿಷ್ಯನಾದ ದಾಸ್ತ್ರನು ಉತ್ತರವನ್ನು ಕಂಡುಕೊಂಡನು. ಅವನು ನಾಯಿಯೊಂದರಲ್ಲಿ ಪಿತ್ತರಸವು ಮೇದೋಜೀರಕ ನಾಳಕ್ಕಿಂತ ಕೆಳಗೆ ಕರುಳನ್ನು ಸೇರುವಂತೆ ಶಸ್ತ್ರಕ್ರಿಯೆ ಮಾಡಿದನು. ಈಗ ಪಿತ್ತರಸ ಸೇರುವಲ್ಲಿಂದ ಮುಂದೆ ಮಾತ್ರ ನಾಳಗಳು ಬೆಳ್ಳಗಾದವು! ಎರಡು ರಸಗಳೂ ಕೂಡಿದಾಗಲೇ ಕೊಬ್ಬು ಸರಿಯಾಗಿ ದೇಹಗತವಾಗುವುದೆಂದು ಇದರಿಂದ ತಿಳಿಯಿತು.

ಕಲ್ಲು ಮೊದಲಾದವುಗಳಿಂದ ಪಿತ್ತನಾಳವು ಮುಚ್ಚಿಹೋದರೆ ರೋಗಿಗೆ ಕಾಮಾಲೆಯುಂಟಾಗುತ್ತದೆ. ಪಿತ್ತರಸದ ವರ್ಣದ್ರವ್ಯವು ಕರುಳನ್ನು ಸೇರದೆ ಮಲವು ಬಿಳಿಚಿಕೊಳ್ಳುತ್ತದೆ. ಜೀರ್ಣವಾಗದ ಕೊಬ್ಬು ಅದರೊಡನೆ ಹೊರಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ ಮತ್ತು ಕೆ ಜೀವಸತ್ತ್ವಗಳೂ ದೇಹಕ್ಕೆ ದೊರೆಯುವುದಿಲ್ಲ. ಕೆ ಜೀವಸತ್ತ್ವದ ಕೊರತೆಯಾದರೆ ರಕ್ತವು ಬೇಗನೆ ಹೆಪ್ಪುಗಟ್ಟದು. ಆದುದರಿಂದ ಇಂತಹ ರೋಗಿಗೆ ಶಸ್ತ್ರಚಿಕಿತ್ಸೆ ಮಾಡುವ ಮುನ್ನ ವೈದ್ಯರು ರಕ್ತವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಕೆ ಜೀವಸತ್ತ್ವವನ್ನು ಚುಚ್ಚುಮದ್ದಿನ ಮೂಲಕ ಕೊಡುತ್ತಾರೆ.

ಇಷ್ಟು ಉಪಯುಕ್ತವಾದ ಪಿತ್ತಲವಣಗಳನ್ನು ದೇಹವು ವ್ಯರ್ಥಮಾಡುವುದಿಲ್ಲ. ಅವುಗಳಲ್ಲಿ ಸುಮಾರು ಶೇಕಡಾ 95 ಭಾಗವು ಸಣ್ಣ ಕರುಳಿನ ಕೊನೆಯಲ್ಲಿ ಹೀರಲ್ಪಟ್ಟು, ರಕ್ತದ ಮೂಲಕ ಪಿತ್ತಜನಕಾಂಗವನ್ನು ಸೇರಿ, ಮುಂದಿನ ಊಟಕ್ಕೆ ಮರಳಿ ಸಿದ್ಧವಾಗುತ್ತದೆ.