ಕತ್ತಲಾಗದ ಬೆಟ್ಟದಲ್ಲಿ ಖರ್ಚಿನ ಲೆಕ್ಕ

ಒಬ್ಬರೇ ಬೆಟ್ಟ ಹತ್ತುವುದು ಇಬ್ಬರು ಹತ್ತುವುದಕ್ಕಿಂತ ದುಬಾರಿ. ಟೆಂಟ್, ಒಲೆ, ಗ್ಯಾಸ್ ಡಬ್ಬಿ, ಬಸ್ ತಪ್ಪಿದರೆ ಹಿಡಿಯಬೇಕಾದ ಟ್ಯಾಕ್ಸಿ, ಯಾವುದಕ್ಕೂ ಪಾಲು ಹಾಕುವವರಿಲ್ಲ. ಅದರಲ್ಲೂ ನಾರ್ವೆಯಲ್ಲಿ ಒಂದು ಕಪ್ ಕಾಫಿಯ ದುಡ್ಡಿಗೆ ನಮ್ಮ ಊರಿನಲ್ಲಿ ಹೊಟ್ಟೆತುಂಬ ಊಟ ಮಾಡಬಹುದು. ಹೀಗಿದ್ದೂ, ಓಸ್ಲೋದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ, ಜೂನ್ ಕೊನೆಯಲ್ಲಿ ನಾನೊಬ್ಬಳೇ ಯೊಟುನ್‌ಹೈಮೆನ್ ಬೆಟ್ಟಸೀಮೆಗೆ ಹೊರಟೆ. ಅವಳಿಗೆ ರಜೆ ಸಿಕ್ಕಿರಲಿಲ್ಲ. ತೆಗೆದಿಟ್ಟ ಹಣದಲ್ಲಿ ಒಳ್ಳೆಯ ಪಾಲು ಉಳಿಯಿತು. ಉಳಿಸಿಕೊಟ್ಟದ್ದು ಮುಖ್ಯವಾಗಿ ಬೆಳಕು.

ನಾನು ನಡೆದದ್ದು ಬೆಸ್ಸೆಗ್ಗೆನ್ ಎಂಬ ಏಣಿನ ಮೇಲೆ. ಬೇಸಿಗೆಯಲ್ಲಿ ಓಸ್ಲೋದಿಂದ ಯೆಂಡೆಸ್‌ಹೈಮ್‌ವರೆಗೆ ಬಸ್ ಇದೆ. ಅಲ್ಲಿಂದ ಯೆಂಡೆ ಸರೋವರದ ಮೇಲೆ ದೋಣಿಯಲ್ಲಿ ಮೆಮುರುಬು ಎಂಬಲ್ಲಿಗೆ ಹೋಗಿ, ಬೆಟ್ಟದ ನೆತ್ತಿಯ ಮೇಲಿಂದ ವಾಪಸ್ ನಡೆದು ಬರುವುದು ವಾಡಿಕೆ. ದಾರಿ ಸುಮಾರು 14 ಕಿಲೋಮೀಟರ್, ಆರರಿಂದ ಎಂಟು ತಾಸು. ಅತಿ ಎತ್ತರದ ಜಾಗ 1743 ಮೀಟರ್. ಏಣಿನ ಒಂದು ಮಗ್ಗುಲಲ್ಲಿ ನೀಲಿ ಬೆಸ್‌ವಾಟ್ನೆಟ್ ಕೆರೆ, ಇನ್ನೊಂದು ಮಗ್ಗುಲಲ್ಲಿ, ಸುಮಾರು 400 ಮೀಟರ್ ಕೆಳಗೆ, ಹಸಿರು ಯೆಂಡೆ. ಹಿಮನದಿಗಳು ಅರೆದು ತಂದ ಕಲ್ಲಿನ ನುಣ್ಣನೆಯ ಪುಡಿಯಿಂದ ಆ ಹಸಿರು. ಎರಡನ್ನೂ ಒಟ್ಟಿಗೆ ನೋಡುತ್ತ ನಿಂತಾಗ ಉಸಿರು ಬಿಗಿಹಿಡಿದಿದ್ದೆ.

ನಮ್ಮ ಘಟ್ಟದ ಕುಮಾರ ಪರ್ವತ ಹತ್ತಿದವರಿಗೆ ಗೊತ್ತು, ಮಧ್ಯಾಹ್ನ ಕಳೆಯುತ್ತಿದ್ದಂತೆ ಇಳಿಯುವ ಚಿಂತೆ ಹತ್ತಿಕೊಳ್ಳುತ್ತದೆ. ಅಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಜೂನ್ ಕೊನೆಗೆ ಯೆಂಡೆಯ ಬಳಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಆಸುಪಾಸು, ಹುಟ್ಟುವುದು ನಾಲ್ಕರ ಹೊತ್ತಿಗೆ. ನಡುವಿನ ಹೊತ್ತಿನಲ್ಲೂ ಪೂರ್ತಿ ಕತ್ತಲೆ ಕವಿಯುವುದಿಲ್ಲ. ನಾನು ದೋಣಿ ಇಳಿದಾಗ ಮಳೆ, ಮಂಜು. ಜೊತೆಯಲ್ಲಿ ಬಂದವರು ಸಂಜೆಯ ಬಸ್ಸಿಗೆ ಟಿಕೆಟ್ ತೆಗೆದಿದ್ದರು, ಮಳೆಯಲ್ಲೇ ಹತ್ತತೊಡಗಿದರು. ಒದ್ದೆ ಬಂಡೆಗಳ ಮೇಲೆ ಕೈಯೂರಿ ಏರಬೇಕಾದ ದಾರಿಯದು. ನಾನು ಕೂತೆ. ಗೊಜ್ಜವಲಕ್ಕಿ ಪುಡಿಗೆ ಬಿಸಿನೀರು ಹುಯ್ದು ತಿಂದೆ, ಡೈರಿ ಬರೆದೆ. ಎರಡು ಗಂಟೆಗೆ ಮುಗಿಲು ಹರಿದ ಮೇಲೆ ಹೊರಟೆ. ಏಣು ಮುಟ್ಟಿದಾಗ ಬಂಡೆ ಒಣಗಿತ್ತು, ಇಡೀ ದಾರಿಯಲ್ಲಿ ನಾನೊಬ್ಬಳೇ. ಯೆಂಡೆಸ್‌ಹೈಮಿಗೆ ಇಳಿದಾಗ ಹತ್ತು ಗಂಟೆ ಹತ್ತಿರ, ಎದುರಿನ ಬೆಟ್ಟದ ಮೇಲೆ ಇನ್ನೂ ಬಿಸಿಲಿತ್ತು.

ಅಂಥದೇ ಮಳೆ ನಮ್ಮ ಘಟ್ಟದಲ್ಲಿ ಬಂದಿದ್ದರೆ ಒಂದು ದಿನ ಹಾಳು, ಇನ್ನೊಂದು ರಾತ್ರಿಯ ಕೋಣೆ ಬಾಡಿಗೆ, ಇಲ್ಲವೇ ಅಪಾಯ ಕಟ್ಟಿಕೊಂಡು ಹತ್ತುವುದು. ಆಪತ್ತಿಗೆಂದು ಬೇರೆ ಇಟ್ಟ ಹಣ ಏನು ಮಾಡುತ್ತದೋ ಆ ಉದ್ದ ಹಗಲೂ ಅದನ್ನೇ ಮಾಡಿತು. ಅವಸರದ ತೀರ್ಮಾನ ತೆಗೆದುಕೊಳ್ಳದಂತೆ ನನ್ನನ್ನು ಕಾಯ್ದಿತು. ಒಂಟಿಯಾಗಿ ಹೋಗುವವರು ಈ ಕಾಲಕ್ಕೇ ಹೋಗಬೇಕು ಎಂದು ನಾನು ಹೇಳುವುದು ಇದಕ್ಕೇ. ಜುಲೈ ಇನ್ನೂ ಒಳ್ಳೆಯದು, ಜೂನ್‌ನಲ್ಲಿ ಎತ್ತರದ ಕಡೆ ಹಿಮ ಉಳಿದಿರುತ್ತದೆ.

ಹಾಸಿಗೆಯ ಖರ್ಚು ಉಳಿಸಿದ್ದು ಒಂದು ಕಾನೂನು. 1957ರ ಹೊರಾಂಗಣ ಜೀವನ ಕಾಯ್ದೆಯ ಪ್ರಕಾರ ನಾರ್ವೆಯ ಬೇಸಾಯವಿಲ್ಲದ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದು, ಟೆಂಟ್ ಹಾಕಿ ಮಲಗಬಹುದು. ಜನವಿರುವ ಮನೆಯಿಂದ 150 ಮೀಟರ್ ದೂರವಿರಬೇಕು, ಎರಡು ರಾತ್ರಿಗಿಂತ ಹೆಚ್ಚಿಗೆ ಒಂದೇ ಕಡೆ ಉಳಿಯಲು ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆ ಬೇಕು. ಪಾಸ್‌ಪೋರ್ಟ್ ಯಾವ ದೇಶದ್ದೆಂದು ಆ ನೆಲ ಕೇಳುವುದಿಲ್ಲ. ತೊರೆಯ ನೀರು ಕುಡಿದೆ, ಬಾಟಲಿ ಕೊಳ್ಳಲಿಲ್ಲ. ಕಲ್ಲುಗುಪ್ಪೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ‘ಟಿ’ ಅಕ್ಷರವೇ ದಾರಿ ತೋರಿಸುತ್ತಿತ್ತು, ಗೈಡ್ ಬೇಕಾಗಲಿಲ್ಲ. ಆ ಗುರುತುಗಳನ್ನು ಕಾಯುವುದು 1868ರಲ್ಲಿ ಹುಟ್ಟಿದ ನಾರ್ವೆ ಚಾರಣಿಗರ ಸಂಘ, ಡಿಎನ್‌ಟಿ. ಸಿಬ್ಬಂದಿಯಿಲ್ಲದ ಅದರ ಕೆಲವು ಗುಡಿಸಲುಗಳಲ್ಲಿ ಆಹಾರದ ಕಪಾಟು ಇರುತ್ತದೆ, ತೆಗೆದುಕೊಂಡದ್ದನ್ನು ನಾವೇ ಬರೆದು ಹಣ ಕಟ್ಟಬೇಕು. ಇಂಥ ನಂಬಿಕೆಯ ಮೇಲೆ ಒಂದು ಸಂಘ ಇಷ್ಟು ಕಾಲ ನಡೆದಿದೆ ಎನ್ನುವುದು ನನಗೆ ಆ ಕೆರೆಗಳಷ್ಟೇ ದೊಡ್ಡ ವಿಷಯ. ಎರಡು ಮೂರು ರಾತ್ರಿ ಗುಡಿಸಲಲ್ಲಿ ಕಳೆಯುವ ಯೋಚನೆ ಇದ್ದರೆ ಸದಸ್ಯತ್ವ ಪಡೆಯಿರಿ, ಹಾಸಿಗೆಯ ದರ ಇಳಿಯುತ್ತದೆ.

ಬೆಳಕು ಕಾಯದ ಕಡೆ ಮಾತ್ರ ನಾನು ಕೈ ಬಿಚ್ಚಿದೆ. ಹಗಲಿದೆ ಎಂದು ಚಳಿ, ಗಾಳಿ ಬಿಡುವುದಿಲ್ಲ. ಒಳ್ಳೆಯ ಮಳೆ ಅಂಗಿ, ಉಣ್ಣೆಯ ಒಳ ಅಂಗಿ, ಬೆಂಗಳೂರಿನಲ್ಲೇ ಕೊಂಡು ತಿಂಗಳುಗಟ್ಟಲೆ ಹಾಕಿ ಪಳಗಿಸಿದ ಬೂಟು, ಇವುಗಳಲ್ಲಿ ಚೌಕಾಸಿ ಬೇಡ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಮರೆಯಬೇಡಿ, ಇಲ್ಲದಿದ್ದರೆ ನಿದ್ದೆ ಕೆಡುತ್ತದೆ. ಕಾರ್ಡ್ ಯಂತ್ರ ‘ರೂಪಾಯಿಯೋ ಕ್ರೋನೋ’ ಎಂದು ಕೇಳಿದಾಗ ನಾರ್ವೆಯ ಹಣವಾದ ಕ್ರೋನ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ಹಾಕುತ್ತಾರೆ, ಅದು ಸಾಮಾನ್ಯವಾಗಿ ನಮಗೆ ನಷ್ಟ. ವಿದೇಶದಲ್ಲಿ ಬಳಸಿದ್ದಕ್ಕೆ ನಿಮ್ಮ ಬ್ಯಾಂಕ್ ಎಷ್ಟು ಶುಲ್ಕ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಎಷ್ಟು ಎಂಬುದನ್ನು ಹೊರಡುವ ಮುಂಚೆ ನೋಡಿಕೊಳ್ಳಿ.

ಕೊನೆಯದಾಗಿ ವಿಮೆ. ನಾರ್ವೆಯಲ್ಲಿ ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಿ ಕೆಳಗೆ ತರುವುದಕ್ಕೆ ಬಿಲ್ ಮಾಡುವುದಿಲ್ಲ, ವಿದೇಶಿಯರಿಗೂ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ನಮ್ಮಂಥ ಪ್ರವಾಸಿಗಳಿಗೆ ಖರ್ಚು ನಮ್ಮದೇ. ನಾರ್ವೆಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ ಎಂದು ಎಲ್ಲರೂ ಮಾಡಿಸುತ್ತಾರೆ, ‘ಸಾಹಸ ಕ್ರೀಡೆ ಸೇರುವುದಿಲ್ಲ’ ಎಂಬ ಸಾಲನ್ನು ಓದುವವರು ಕಡಿಮೆ. ಚಾರಣ ಸಾಹಸ ಕ್ರೀಡೆಯೇ, ಎಷ್ಟು ಎತ್ತರದವರೆಗೆ ವಿಮೆ ನಡೆಯುತ್ತದೆ, ಒಬ್ಬರೇ ಹೋದರೆ ಬೇರೆ ನಿಯಮವಿದೆಯೇ? ಪ್ರೀಮಿಯಂ ಕಟ್ಟುವ ಮುಂಚೆ ಈ ಮೂರನ್ನೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಂಡು ಅದರ ಪ್ರತಿಯೊಂದನ್ನು ಮನೆಯವರ ಕೈಗೆ ಕೊಟ್ಟು ಹೊರಡಿ.